ಉಪ್ಪುಕಾಗದದ ಅಕ್ಷರ

ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ಕಂಡ ನೋಟ ಇದು. ಹನ್ನೊಂದು ವರ್ಷದ ಹುಡುಗನೊಬ್ಬ ಚಾಪೆಯ ಮೇಲೆ ಕೂತಿದ್ದ. ಅವನ ಮುಂದೆ ಅಂಗೈ ಅಗಲದ ಒಂದು ರಟ್ಟು. ಬಡಗಿಗಳು ಮರ ನುಣುಪು ಮಾಡಲು ಬಳಸುತ್ತಾರಲ್ಲ, ಆ ಉಪ್ಪುಕಾಗದವನ್ನು ‘ಅ’ ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿನ ಮೇಲೆ ಅಂಟಿಸಲಾಗಿತ್ತು. ಹುಡುಗ ಎರಡು ಬೆರಳುಗಳನ್ನು ಆ ತರಿಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. ಬೆರಳು ದಾರಿ ತಪ್ಪಿ ನುಣ್ಣನೆಯ ರಟ್ಟಿಗೆ ಜಾರಿದ ಕೂಡಲೇ ಅವನಿಗೇ ಗೊತ್ತಾಗುತ್ತಿತ್ತು. ತಾನಾಗಿಯೇ ಹಿಂದಕ್ಕೆ ಬರುತ್ತಿದ್ದ. ಪಕ್ಕದಲ್ಲಿದ್ದ ಟೀಚರು ‘ತಪ್ಪು’ ಎಂದು ಒಮ್ಮೆಯೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಆ ಕೆಲಸವನ್ನು ಉಪ್ಪುಕಾಗದವೇ ಮಾಡುತ್ತಿತ್ತು.

ಇಂಥದೇ ಅಕ್ಷರಗಳನ್ನು ಇನ್ನೊಂದು ಕಡೆಯೂ ನೋಡಿದ್ದೆ. ಬೆಂಗಳೂರಿನ ಅನುಕೂಲಸ್ಥರ ಬಡಾವಣೆಯ ಶಿಶುವಿಹಾರ ಅದು. ಅಲ್ಲಿ ರಟ್ಟಿನ ಬದಲು ಪಾಲಿಶ್ ಮಾಡಿದ ಮರದ ಹಲಗೆ ಇತ್ತು, ಅಷ್ಟೇ ವ್ಯತ್ಯಾಸ. ಮೂರೂವರೆ ವರ್ಷದ ಚುರುಕು ಮಕ್ಕಳು ಅದರ ಮೇಲೆ ಬೆರಳಾಡಿಸುತ್ತಿದ್ದವು. ಆ ಶಾಲೆಗೆ ಸೇರಿಸಲು ತಂದೆತಾಯಿ ಮಗು ಹುಟ್ಟಿದಾಗಲೇ ಹೆಸರು ಬರೆಸುತ್ತಾರಂತೆ.

ಈ ಎರಡು ತರಗತಿಗಳ ನಡುವೆ ಹಣದ ಅಂತರವಿದೆ, ಮಕ್ಕಳ ಸ್ಥಿತಿಯ ಅಂತರವಿದೆ. ಆದರೆ ಎರಡೂ ಹಲಗೆಗಳ ಮೂಲ ಒಂದೇ. ಅದನ್ನು ಹುಡುಕಿಕೊಂಡು ಹೊರಟರೆ ನಾವು ಇನ್ನೂರು ವರ್ಷಕ್ಕೂ ಹಿಂದೆ, ಫ್ರಾನ್ಸಿನ ಒಂದು ಕಾಡಿನ ಅಂಚಿಗೆ ಹೋಗಿ ನಿಲ್ಲುತ್ತೇವೆ. ಮತ್ತು ಅಲ್ಲಿ ನಮಗೆ ಸಿಗುವವನು ಚುರುಕು ಮಗುವಲ್ಲ; ಆ ದೇಶದ ದೊಡ್ಡ ವೈದ್ಯರು ‘ಇವನಿಗೆ ಏನೂ ಕಲಿಸಲಾಗದು’ ಎಂದು ಕೈಬಿಟ್ಟಿದ್ದ ಒಬ್ಬ ಹುಡುಗ.

1797ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ಲಾಕೋನ್ ಕಾಡುಗಳಲ್ಲಿ ಬೆತ್ತಲೆ ಹುಡುಗನೊಬ್ಬ ಗೆಡ್ಡೆಗೆಣಸು, ಓಕ್ ಮರದ ಬೀಜ ಹೆಕ್ಕಿ ತಿನ್ನುತ್ತಾ ಓಡಾಡುವುದನ್ನು ಹಳ್ಳಿಗರು ಕಂಡರು. ಒಂದೆರಡು ಸಲ ಹಿಡಿದರೂ ತಪ್ಪಿಸಿಕೊಂಡ. 1800ರ ಜನವರಿಯ ಕೊರೆವ ಚಳಿಯಲ್ಲಿ, ಅವೆರಾನ್ ಪ್ರಾಂತದ ಹಳ್ಳಿಯೊಂದರ ಬಳಿ ಅವನು ಕಾಡಿನಿಂದ ಹೊರಬಂದು ಮತ್ತೆ ಸಿಕ್ಕಿಬಿದ್ದ. ಹನ್ನೊಂದು ಹನ್ನೆರಡು ವರ್ಷ ಇರಬಹುದು. ಮಾತಿಲ್ಲ. ಮೈತುಂಬ ಗಾಯದ ಕಲೆ, ಕುತ್ತಿಗೆಯ ಮೇಲೆ ಅಡ್ಡಕ್ಕೆ ಒಂದು ಹಳೆಯ ಗುರುತು. ಅದೇ ವರ್ಷ ಆಗಸ್ಟಿನಲ್ಲಿ ಅವನನ್ನು ಪ್ಯಾರಿಸಿಗೆ ಕರೆತಂದರು.

ಆಗಿನ ಪ್ಯಾರಿಸ್ ಎಂದರೆ ಕ್ರಾಂತಿಯ ಬಿಸಿ ಇನ್ನೂ ಆರದ ನಗರ. ನಾಗರಿಕತೆಯ ಸೋಂಕಿಲ್ಲದ ಮನುಷ್ಯ ಹೇಗಿರುತ್ತಾನೆ ಎಂಬ ಚರ್ಚೆ ಪಂಡಿತರ ಮನೆಗಳಲ್ಲಿ ನಡೆಯುತ್ತಿತ್ತು. ಅದಕ್ಕೆ ಉತ್ತರವೇ ನಡೆದುಬಂದಿತೆಂದು ಜನ ಮುಗಿಬಿದ್ದರು. ಆದರೆ ಅವರು ಕಂಡದ್ದು ಹಿಂದೆ ಮುಂದೆ ತೂಗಾಡುವ, ಕಚ್ಚುವ, ಪರಚುವ, ಯಾರನ್ನೂ ಕಣ್ಣೆತ್ತಿ ನೋಡದ ಒಂದು ಮಗುವನ್ನು. ಕುತೂಹಲ ಬೇಗ ತೀರಿತು. ಹುಚ್ಚರನ್ನು ಮನುಷ್ಯರಂತೆ ಕಾಣಬೇಕೆಂದು ವಾದಿಸಿ ಹೆಸರಾಗಿದ್ದ ಫಿಲಿಪ್ ಪಿನೆಲ್ ಅವನನ್ನು ಪರೀಕ್ಷಿಸಿದ. ಇವನು ಕಾಡಿನಲ್ಲಿದ್ದುದರಿಂದ ಹೀಗಾದವನಲ್ಲ, ಹುಟ್ಟು ‘ಈಡಿಯಟ್’ ಎಂದು ತೀರ್ಪು ಕೊಟ್ಟ. ಇಂದು ಬೈಗುಳವಾಗಿರುವ ಆ ಪದ ಆಗ ವೈದ್ಯರ ಪುಸ್ತಕದ ಪದವಾಗಿತ್ತು. ನಮ್ಮಲ್ಲೂ ಹಾಗೆಯೇ ಆಗಿದೆಯಲ್ಲ. ‘ಮಂದಮತಿ’ ಬೈಗುಳವಾದಾಗ ‘ಬುದ್ಧಿಮಾಂದ್ಯ’ ಬಂತು, ಅದೂ ಸವೆದ ಮೇಲೆ ‘ಬೌದ್ಧಿಕ ವೈಕಲ್ಯ’ ಬಂತು. ಪದ ಬದಲಾದಷ್ಟು ಬೇಗ ನೋಟ ಬದಲಾಗುವುದಿಲ್ಲ.

ಪಿನೆಲ್‌ನ ಮಾತನ್ನು ಒಪ್ಪದವನು ಒಬ್ಬನಿದ್ದ. ಪ್ಯಾರಿಸಿನ ಕಿವುಡ-ಮೂಗರ ಸಂಸ್ಥೆಯ ವೈದ್ಯ, ಇಪ್ಪತ್ತಾರು ವರ್ಷದ ಝಾನ್ ಇಟಾರ್. ಹುಡುಗನಿಗೆ ‘ಓ’ ಎಂಬ ಸ್ವರ ಕೇಳಿದರೆ ತಲೆ ತಿರುಗಿಸುವ ಅಭ್ಯಾಸವಿತ್ತು. ಆ ಸ್ವರ ಬರುವ ವಿಕ್ಟರ್ ಎಂಬ ಹೆಸರನ್ನೇ ಇಟ್ಟು ಇಟಾರ್ ಅವನಿಗೆ ಪಾಠ ಶುರುಮಾಡಿದ. ಮನೆಮಟ್ಟಿಗೆ ಹುಡುಗನನ್ನು ನೋಡಿಕೊಂಡವಳು ಗೆರಾಂ ಎಂಬ ಹೆಂಗಸು. ಊಟ, ಸ್ನಾನ, ತಿರುಗಾಟ, ಮುದ್ದು ಎಲ್ಲ ಆಕೆಯದು. ಶಿಕ್ಷಣದ ಚರಿತ್ರೆ ಇಟಾರ್‌ನ ಹೆಸರನ್ನು ಉಳಿಸಿಕೊಂಡಿದೆ, ಗೆರಾಂಳನ್ನು ಅಡಿಟಿಪ್ಪಣಿಗೆ ತಳ್ಳಿದೆ. ವಿಶೇಷ ಮಕ್ಕಳ ತಾಯಂದಿರಿಗೆ ಇದು ಹೊಸ ಸುದ್ದಿಯೇನಲ್ಲ.

ಇಟಾರ್ ಮೊದಲು ಗಮನಿಸಿದ್ದು ಸಣ್ಣ ಸಂಗತಿಗಳನ್ನು. ವಿಕ್ಟರನ ಬೆನ್ನ ಹಿಂದೆ ಪಿಸ್ತೂಲು ಹಾರಿಸಿದರೆ ಅವನು ಕದಲುತ್ತಿರಲಿಲ್ಲ. ಆದರೆ ಎಲ್ಲೋ ಯಾರೋ ಅಕ್ರೋಟು ಕಾಯಿ ಒಡೆದ ಸದ್ದಿಗೆ ಥಟ್ಟನೆ ತಿರುಗುತ್ತಿದ್ದ. ಅಂದರೆ ಕಿವುಡನಲ್ಲ. ಕಾಡಿನ ಬದುಕಿಗೆ ಬೇಕಾದ ಸದ್ದನ್ನು ಕೇಳುತ್ತಿದ್ದ, ಬೇಡದ್ದನ್ನು ಬಿಡುತ್ತಿದ್ದ. ಹಾಗಾದರೆ ಕಲಿಕೆಯನ್ನು ಅವನಿಗೆ ಬೇಕಾದುದಕ್ಕೆ ಕಟ್ಟಬೇಕು. ‘ಮಗುವಿಗೆ ಏನು ಬರುವುದಿಲ್ಲ’ ಎಂಬುದಕ್ಕಿಂತ ‘ಮಗು ಯಾವುದಕ್ಕೆ ತಿರುಗಿ ನೋಡುತ್ತದೆ’ ಎಂದು ಮೊದಲು ಬರೆದುಕೊಳ್ಳಿ ಎಂದು ಇಂದಿಗೂ ವಿಶೇಷ ಶಿಕ್ಷಕರಿಗೆ ಹೇಳಿಕೊಡುತ್ತಾರೆ. ಅದು ಈ ಅಕ್ರೋಟಿನ ಸದ್ದಿನ ಮುಂದುವರಿಕೆಯೇ.

ಬಳಿಕ ಪಾಠಗಳು ಬಂದವು. ಕೀಲಿಕೈ, ಕತ್ತರಿ, ಸುತ್ತಿಗೆಯಂಥ ವಸ್ತುಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿ ಚಿತ್ರದ ಮೇಲೆ ಆಯಾ ವಸ್ತುವನ್ನೇ ತೂಗುಹಾಕಿದ. ಆಮೇಲೆ ವಸ್ತುಗಳನ್ನು ಕಲಸಿ ಕೊಟ್ಟು, ಯಾವುದು ಎಲ್ಲಿಗೆ ಎಂದು ಹುಡುಗನೇ ಹೊಂದಿಸಬೇಕು. ಅದು ಬಂದ ಮೇಲೆ ಬಣ್ಣ ಮತ್ತು ಆಕಾರಗಳು: ಕೆಂಪು ವೃತ್ತ, ನೀಲಿ ತ್ರಿಕೋನ, ಕಪ್ಪು ಚೌಕ. ಅದಾದ ಮೇಲೆ ಅಕ್ಷರಗಳು. ಲೋಹದಲ್ಲಿ ಮಾಡಿಸಿದ ಇಪ್ಪತ್ನಾಲ್ಕು ಅಕ್ಷರಗಳನ್ನು ಹಲಗೆಯ ಗೂಡುಗಳಲ್ಲಿ ಹೊಂದಿಸುವ ಆಟ. ವಸ್ತುವಿನಿಂದ ಚಿತ್ರಕ್ಕೆ, ಚಿತ್ರದಿಂದ ಆಕಾರಕ್ಕೆ, ಆಕಾರದಿಂದ ಅಕ್ಷರಕ್ಕೆ. ಈ ಮೆಟ್ಟಿಲುಗಳನ್ನು ಅವನಿಗೆ ಯಾವ ಗ್ರಂಥವೂ ಹೇಳಿರಲಿಲ್ಲ. ಒಂದು ಮೆಟ್ಟಿಲಲ್ಲಿ ಹುಡುಗ ಎಡವಿದಾಗ ಅದನ್ನು ಒಡೆದು ಎರಡು ಮಾಡುತ್ತಿದ್ದ. ಎರಡೂ ದೊಡ್ಡದಾದರೆ ನಾಲ್ಕು.

ವಿಕ್ಟರ್ ಲೋಹದ ಅಕ್ಷರಗಳನ್ನು ಬಹು ಬೇಗ ಹೊಂದಿಸತೊಡಗಿದ. ಇಟಾರ್‌ಗೆ ಹಿಗ್ಗು. ಆಮೇಲೆ ನೋಡಿದರೆ ಹುಡುಗ ಒಂದು ಉಪಾಯ ಹೂಡಿದ್ದ. ಹಲಗೆಯಿಂದ ಅಕ್ಷರಗಳನ್ನು ತೆಗೆಯುವಾಗಲೇ ಒಂದರ ಮೇಲೊಂದು ಕ್ರಮವಾಗಿ ಪೇರಿಸಿಟ್ಟು, ಅದೇ ಕ್ರಮದಲ್ಲಿ ವಾಪಸು ಇಡುತ್ತಿದ್ದ. ಅಕ್ಷರದ ಮುಖವನ್ನೇ ನೋಡುತ್ತಿರಲಿಲ್ಲ. ಕಲಿತನೆಂದು ಮೇಷ್ಟ್ರು ಅಂದುಕೊಂಡದ್ದು ಬೇರೆ, ಹುಡುಗ ಕಲಿತದ್ದು ಬೇರೆ. ಆದರೆ ‘ಏನೂ ಕಲಿಸಲಾಗದ’ ಹುಡುಗ ಕೆಲಸ ತಪ್ಪಿಸಲು ಇಷ್ಟು ಜಾಣ ದಾರಿ ಕಂಡುಕೊಂಡಿದ್ದನಲ್ಲ. ಇಟಾರ್ ಅದನ್ನು ಬೈಯದೆ ಬರೆದಿಟ್ಟ, ಮರುದಿನದಿಂದ ಅಕ್ಷರಗಳನ್ನು ಕಲಸಿ ಕೊಟ್ಟ.

ಹಾಲಿನ ಕಥೆ ಇನ್ನೂ ಚೆನ್ನಾಗಿದೆ. ಫ್ರೆಂಚಿನಲ್ಲಿ ಹಾಲಿಗೆ ನಾಲ್ಕು ಅಕ್ಷರದ ಒಂದು ಪದ. ಆ ನಾಲ್ಕು ಅಕ್ಷರಗಳನ್ನು ಜೋಡಿಸಿದರೆ ಹಾಲು ಸಿಗುತ್ತದೆ ಎಂದು ಇಟಾರ್ ತೋರಿಸಿಕೊಟ್ಟ. ಕೆಲವು ದಿನಗಳ ನಂತರ, ವಿಕ್ಟರನಿಗೆ ಹಾಲು ಕೊಡುತ್ತಿದ್ದ ಪರಿಚಿತರ ಮನೆಗೆ ಹೊರಟಾಗ, ಅವನು ಆ ನಾಲ್ಕು ಅಕ್ಷರಗಳನ್ನು ಯಾರೂ ಹೇಳದೆ ತಾನೇ ಎತ್ತಿಕೊಂಡು ಹೋಗಿದ್ದ. ಅಲ್ಲಿ ಮೇಜಿನ ಮೇಲೆ ಅವನ್ನು ಒಂದೊಂದಾಗಿ ಇಟ್ಟು ಪದ ಮಾಡಿದ. ಬಾಯಲ್ಲಿ ಮಾತಿಲ್ಲದವನು ಜೇಬಿನಲ್ಲಿ ಮಾತು ಒಯ್ದಿದ್ದ. ಇಂದು ಮಾತು ಬಾರದ ಮಕ್ಕಳು ಕೊರಳಿಗೆ ಚಿತ್ರದ ಕಾರ್ಡುಗಳನ್ನು ಹಾಕಿಕೊಂಡು, ‘ನೀರು’, ‘ಬಚ್ಚಲು’, ‘ಸಾಕು’ ಎಂದು ತೋರಿಸುವುದನ್ನು ಕಂಡವರಿಗೆ ಈ ಘಟನೆಯ ತೂಕ ತಿಳಿಯುತ್ತದೆ.

ಆದರೆ ಇಟಾರ್‌ನನ್ನು ತಬ್ಬಿಬ್ಬುಗೊಳಿಸಿದ ದಿನವೊಂದಿದೆ. ಪುಸ್ತಕ ಎಂಬ ಪದವನ್ನು ವಿಕ್ಟರ್ ಓದಿ ಪುಸ್ತಕ ತಂದುಕೊಡುವಷ್ಟು ಕಲಿತಿದ್ದ. ಒಂದು ದಿನ ಆ ಪುಸ್ತಕವಿದ್ದ ಕೋಣೆಗೆ ಬೀಗ ಹಾಕಿ, ಸುತ್ತ ಪುಸ್ತಕಗಳೇ ತುಂಬಿದ್ದ ಇನ್ನೊಂದು ಕೋಣೆಯಲ್ಲಿ ಅದೇ ಪದ ತೋರಿಸಿದರೆ, ಹುಡುಗ ಕಂಗಾಲಾದ. ಅವನ ಪಾಲಿಗೆ ಆ ಪದ ಆ ಒಂದು ಪುಸ್ತಕದ ಹೆಸರು ಮಾತ್ರ. ನಮ್ಮ ಮನೆಯ ಹಸುವಿಗೆ ಗಂಗೆ ಎಂದು ಹೆಸರಿದ್ದರೆ ಊರಿನ ಹಸುವೆಲ್ಲ ಗಂಗೆಯಾಗುತ್ತದೆಯೇ, ಹಾಗೆ. ಅದನ್ನು ಬಿಡಿಸಿ ಹೇಳಿಕೊಟ್ಟ ಮೇಲೆ ಹುಡುಗ ಇನ್ನೊಂದು ತುದಿಗೆ ಹೋದ. ಕಸಪೊರಕೆಗೂ ಬ್ರಷ್ ಎಂದ, ಕ್ಷೌರದ ಕತ್ತಿಗೂ ಚಾಕು ಎಂದ.

ವಿಶೇಷ ಶಿಕ್ಷಣದ ಅತಿ ದೊಡ್ಡ ತೊಡಕನ್ನು ಇಟಾರ್ ಅಂದು ಮುಟ್ಟಿದ್ದ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಹರಿಯುವುದಿಲ್ಲ ಎಂಬುದೇ ಆ ತೊಡಕು. ಶಾಲೆಯ ನಲ್ಲಿಯಲ್ಲಿ ಕೈ ತೊಳೆಯಲು ಕಲಿತ ಮಗು ಮನೆಯಲ್ಲಿ ತಂಬಿಗೆ ಕಂಡರೆ ಸುಮ್ಮನೆ ನಿಲ್ಲುತ್ತದೆ. ಶಾಲೆಯ ನಲ್ಲಿ ಬೇರೆ, ಅಜ್ಜಿಯ ಮನೆಯ ಕೊಳಾಯಿ ಬೇರೆ, ಬಾವಿಕಟ್ಟೆಯ ಬಕೆಟ್ಟು ಬೇರೆ. ಎಲ್ಲ ಕಡೆಯೂ ಕಲಿಸದೆ ‘ಕೈ ತೊಳೆಯುವುದು’ ಎಂಬುದು ಕಲಿತಂತಾಗುವುದಿಲ್ಲ. ಅನುಭವಿ ಶಿಕ್ಷಕರು ಅದಕ್ಕೇ ಮೊದಲ ದಿನದಿಂದಲೇ ಎರಡು ಮೂರು ಬಗೆಯ ಲೋಟ, ಎರಡು ಮೂರು ಬಗೆಯ ಬೀಗ ಇಟ್ಟುಕೊಂಡು ಪಾಠ ಮಾಡುತ್ತಾರೆ. 2016ರ ನವೆಂಬರಿನ ನಂತರ ನಮ್ಮ ನೋಟುಗಳ ಬಣ್ಣ, ಅಳತೆ ಒಂದೊಂದಾಗಿ ಬದಲಾದುವಲ್ಲ. ವರ್ಷಗಟ್ಟಲೆ ಕಷ್ಟಪಟ್ಟು ನೋಟು ಗುರುತಿಸಲು ಕಲಿತಿದ್ದ ಮಕ್ಕಳಿಗೆ ಮತ್ತೆ ಒಂದರಿಂದ ಶುರುಮಾಡಬೇಕಾಯಿತು ಎಂದು ಒಬ್ಬ ಟೀಚರು ನನಗೆ ಹೇಳಿದ್ದುಂಟು. ಉಳಿದ ನಮಗೆ ಅದು ನಾಲ್ಕು ದಿನದ ಗೊಂದಲ.

ಇಟಾರ್‌ನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಹುಡುಗ ಸಿಟ್ಟಿನಿಂದ ಹೊರಳಾಡಿದಾಗ, ಅವನಿಗೆ ಎತ್ತರವೆಂದರೆ ಭಯ ಎಂದು ತಿಳಿದಿದ್ದ ಈ ವೈದ್ಯ ಅವನನ್ನು ಮೇಲಂತಸ್ತಿನ ಕಿಟಕಿಯಿಂದ ತಲೆಕೆಳಗಾಗಿ ಹಿಡಿದು ಹೆದರಿಸಿದ. ಅದನ್ನು ತಾನೇ ಬರೆದುಕೊಂಡಿದ್ದಾನೆ. ಹುಡುಗ ಬೆವೆತು, ನಡುಗಿ, ಕೊನೆಗೆ ಅತ್ತ. ಅವನು ಅತ್ತದ್ದನ್ನು ಇಟಾರ್ ನೋಡಿದ್ದು ಅದೇ ಮೊದಲು. ಹುಡುಗ ದಾರಿಗೆ ಬಂದ ಎಂಬುದು ಅವನ ಲೆಕ್ಕ. ಇಂದಿನ ಯಾವ ಶಾಲೆಯಲ್ಲಾದರೂ ಇದು ಪೊಲೀಸು ಕೇಸಾಗುವ ಸಂಗತಿ. ವಿಧಾನಗಳ ಇತಿಹಾಸ ಬರೆಯುವವರು ಹಾಲಿನ ಅಕ್ಷರಗಳನ್ನು ಹೇಳಿ ಕಿಟಕಿಯನ್ನು ಬಿಟ್ಟುಬಿಡುತ್ತಾರೆ. ಎರಡೂ ಒಬ್ಬನೇ ಮೇಷ್ಟ್ರ ಕೈಯಿಂದ ಆದವು.

ಇನ್ನೊಂದು ಕುರುಡೂ ಇತ್ತು. ಇಟಾರ್ ಪಾಠ ಮಾಡುತ್ತಿದ್ದ ಕಟ್ಟಡ ಕಿವುಡ ಮಕ್ಕಳ ಶಾಲೆ. ಎಪೆ ಎಂಬ ಪಾದ್ರಿ ಸುಮಾರು 1760ರಲ್ಲಿ ತೆರೆದ ಆ ಶಾಲೆಯಲ್ಲಿ ಮಕ್ಕಳು ಕೈಸನ್ನೆಯಲ್ಲಿ ದಿನವಿಡೀ ಮಾತಾಡಿಕೊಳ್ಳುತ್ತಿದ್ದರು. ಅಂಗಳದ ತುಂಬ ಭಾಷೆ ಹರಿದಾಡುತ್ತಿತ್ತು. ವಿಕ್ಟರನಿಗೆ ಅದನ್ನು ಕಲಿಸಿನೋಡಬೇಕೆಂದು ಅವನ ಮೇಷ್ಟ್ರಿಗೆ ಹೊಳೆಯಲಿಲ್ಲ. ಮಾತು ಎಂದರೆ ನಾಲಿಗೆಯಿಂದ ಬರುವುದು ಎಂಬ ನಂಬಿಕೆ ಅಷ್ಟು ಬಲವಾಗಿತ್ತು. ಐದು ವರ್ಷ ಕಳೆದರೂ ನಾಲಿಗೆ ತಿರುಗಲಿಲ್ಲ. ತಾನು ಸೋತೆ ಎಂದುಕೊಂಡ ಇಟಾರ್ 1806ರಲ್ಲಿ ಎರಡನೆಯ ವರದಿ ಬರೆದು ಕೈಬಿಟ್ಟ. ಮುಂದೆ ಎಷ್ಟೋ ವರ್ಷ ಕಿವುಡ ಮಕ್ಕಳ ನಡುವೆ ಕಳೆದ ಮೇಲೆ, ಅವರ ಶಿಕ್ಷಣಕ್ಕೆ ಸನ್ನೆಗಳು ಬೇಕೇಬೇಕು ಎಂದು ಅವನು ಒಪ್ಪಿಕೊಂಡ. ವಿಕ್ಟರನ ಪಾಲಿಗೆ ಆ ಅರಿವು ತಡವಾಗಿತ್ತು. ಅವನು ಗೆರಾಂಳ ಮನೆಯಲ್ಲೇ ಬದುಕಿ 1828ರಲ್ಲಿ ತೀರಿಕೊಂಡ.

ಆ ಮನೆಯ ಒಂದು ಪ್ರಸಂಗವನ್ನು ಇಟಾರ್ ದಾಖಲಿಸಿದ್ದಾನೆ. ಊಟದ ಮೇಜಿಗೆ ತಟ್ಟೆ ಇಡುವುದು ವಿಕ್ಟರನ ಕೆಲಸ. ಗೆರಾಂಳ ಗಂಡ ತೀರಿಕೊಂಡ ದಿನ ಅವನು ಎಂದಿನಂತೆ ಆತನ ತಟ್ಟೆಯನ್ನೂ ಇಟ್ಟ. ಅದನ್ನು ಕಂಡು ಆಕೆ ಅಳತೊಡಗಿದಳು. ಹುಡುಗ ಸ್ವಲ್ಪ ಹೊತ್ತು ನೋಡಿದ, ಮೆಲ್ಲಗೆ ತಟ್ಟೆಯನ್ನು ಎತ್ತಿ ಕಪಾಟಿನಲ್ಲಿಟ್ಟ. ಮತ್ತೆಂದೂ ಅದನ್ನು ಹೊರಗೆ ತೆಗೆಯಲಿಲ್ಲ. ಇದೇ ಮಗುವಿಗೆ ಏನೂ ಅರ್ಥವಾಗುವುದಿಲ್ಲ ಎಂದು ಪಿನೆಲ್ ಬರೆದದ್ದು.

ಇಟಾರ್‌ನ ಸೋಲನ್ನು ಸೋಲೆಂದು ಒಪ್ಪದವನು ಅವನ ಶಿಷ್ಯ ಎಡ್ವರ್ಡ್ ಸೆಗಾಂ. 1812ರಲ್ಲಿ ಹುಟ್ಟಿದ ಈತ, ಮುದುಕನಾಗಿದ್ದ ಗುರುವಿನ ಮಾರ್ಗದರ್ಶನದಲ್ಲಿ 1837ರಲ್ಲಿ ಒಬ್ಬ ಹುಡುಗನಿಗೆ ಪಾಠ ಶುರುಮಾಡಿದ. ಮರುವರ್ಷ ಇಟಾರ್ ತೀರಿಕೊಂಡ. ಸೆಗಾಂ ಒಬ್ಬ ಹುಡುಗನಿಂದ ಒಂದು ತರಗತಿಗೆ ಬಂದ. ಬದಲಾವಣೆ ಇದೇ. ನಾಲಿಗೆಯಿಂದ ಶುರುಮಾಡಬೇಡಿ, ಮೈಯಿಂದ ಶುರುಮಾಡಿ ಎಂಬುದು ಅವನ ಸೂತ್ರ. ಏಣಿ ಹತ್ತಿಸಿ, ಉಯ್ಯಾಲೆ ತೂಗಿ, ಭಾರ ಎತ್ತಿಸಿ. ಆಮೇಲೆ ಮುಟ್ಟುವುದು, ನೋಡುವುದು, ಕೇಳುವುದು. ಕೊನೆಗೆ ಮಾತು. ಬಟ್ಟೆಗೆ ಗುಂಡಿ ಹಾಕುವುದು, ದಾರ ಪೋಣಿಸುವುದು ಕೂಡ ಅವನಿಗೆ ಪಾಠವೇ. ಬರೆಯುವ ಕೈ ಮೊದಲು ಹಿಡಿಯುವ ಕೈಯಾಗಬೇಕಲ್ಲ.

ಇಂದಿಗೂ ತರಗತಿಯಲ್ಲಿ ನಡೆಯುವ ಮೂರು ಹಂತದ ಪಾಠ ಸೆಗಾಂನದೇ. ಮೊದಲು ಶಿಕ್ಷಕ ತೋರಿಸಿ ಹೇಳುತ್ತಾನೆ: ‘ಇದು ಕೆಂಪು, ಇದು ನೀಲಿ.’ ಆಮೇಲೆ ಕೇಳುತ್ತಾನೆ: ‘ಕೆಂಪು ಕೊಡು, ನೀಲಿ ಕೊಡು.’ ಕೊನೆಗೆ, ಬಹಳ ಕೊನೆಗೆ: ‘ಇದು ಯಾವುದು?’ ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಎರಡನೆಯದನ್ನು ಹಾರಿಸಿ ನೇರವಾಗಿ ಮೂರನೆಯದಕ್ಕೆ ಹೋಗುವುದು. ಗುರುತಿಸುವುದಕ್ಕೂ ಹೆಸರು ನೆನಪಿಸಿಕೊಂಡು ಹೇಳುವುದಕ್ಕೂ ಬಹಳ ದೂರವಿದೆ. ಮಾತು ಬಾರದ ಮಗುವಾದರೆ ಎರಡನೆಯ ಹಂತದಲ್ಲೇ ತಾನು ಕಲಿತದ್ದನ್ನು ತೋರಿಸಬಲ್ಲದು. ಮನೆಯಲ್ಲಿ ಚಿಕ್ಕ ಮಗುವಿದ್ದವರು ಬೇಕಾದರೆ ಇವತ್ತೇ ನೋಡಬಹುದು.

1846ರಲ್ಲಿ ಸೆಗಾಂ ತನ್ನ ವಿಧಾನವನ್ನು ಗ್ರಂಥವಾಗಿ ಬರೆದ. 1848ರ ಕ್ರಾಂತಿಯ ನಂತರದ ಫ್ರಾನ್ಸ್ ಅವನಂಥವರಿಗೆ ಸರಿಹೋಗದೆ ಅಮೆರಿಕಕ್ಕೆ ಹೋದ. ಅಲ್ಲಿ ಇಂಥ ಮಕ್ಕಳಿಗಾಗಿ ತೆರೆದ ಶಾಲೆಗಳು ಅವನನ್ನು ಬರಮಾಡಿಕೊಂಡವು. 1866ರಲ್ಲಿ ಇಂಗ್ಲಿಷಿನಲ್ಲೂ ಒಂದು ಪುಸ್ತಕ ಬಂತು. ಆದರೆ 1880ರಲ್ಲಿ ಅವನು ಸಾಯುವ ಹೊತ್ತಿಗೆ ಗಾಳಿ ತಿರುಗತೊಡಗಿತ್ತು. ಕಲಿಸಿ ಮನೆಗೆ ಕಳಿಸಬೇಕೆಂದು ಕಟ್ಟಿದ ಶಾಲೆಗಳು ಮಕ್ಕಳನ್ನು ಬದುಕಿಡೀ ಕೂಡಿಹಾಕುವ ದೊಡ್ಡ ದೊಡ್ಡಿಗಳಾದವು. ಅದೇ ವರ್ಷ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿ, ಸನ್ನೆ ಬಿಟ್ಟು ಬಾಯಿಮಾತಿನಲ್ಲೇ ಕಲಿಸಬೇಕು ಎಂದು ಠರಾವು ಮಾಡಿತು. ಠರಾವಿಗೆ ಕೈ ಎತ್ತಿದವರಲ್ಲಿ ಬಹುಪಾಲು ಕಿವಿ ಕೇಳುವವರೇ. ಅದರ ನೆರಳು ಜಗತ್ತಿನ ಶಾಲೆಗಳ ಮೇಲೆ ಒಂದು ಶತಮಾನ ಬಿತ್ತು. 2010ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಅದೇ ಪರಂಪರೆಯ ಸಮ್ಮೇಳನ ಆ ಠರಾವನ್ನು ತಿರಸ್ಕರಿಸಿತು. ನಮ್ಮಲ್ಲಿ ಭಾರತೀಯ ಸನ್ನೆಭಾಷೆಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ ದೆಹಲಿಯಲ್ಲಿ ಬಂದದ್ದು 2015ರಲ್ಲಿ.

ಹಾಗಾದರೆ ಮರೆತುಹೋಗಿದ್ದ ಸೆಗಾಂ ಬೆಂಗಳೂರಿನ ಶಿಶುವಿಹಾರಕ್ಕೆ ಬಂದದ್ದು ಹೇಗೆ? ಮಧ್ಯದ ಕೊಂಡಿ ಮರಿಯಾ ಮಾಂಟೆಸರಿ. 1870ರಲ್ಲಿ ಹುಟ್ಟಿದ ಇವರು ಇಟಲಿಯಲ್ಲಿ ವೈದ್ಯಕೀಯ ಓದಿದ ಮೊದಲ ಕೆಲವು ಮಹಿಳೆಯರಲ್ಲಿ ಒಬ್ಬರು. ರೋಮಿನ ಹುಚ್ಚಾಸ್ಪತ್ರೆಗಳಲ್ಲಿ ದೊಡ್ಡವರ ನಡುವೆ ತುಂಬಿದ್ದ ಮಕ್ಕಳನ್ನು ನೋಡಿ, ಇವರಿಗೆ ಬೇಕಾದದ್ದು ಔಷಧಿಗಿಂತ ಹೆಚ್ಚಾಗಿ ಪಾಠ ಎಂಬ ತೀರ್ಮಾನಕ್ಕೆ ಬಂದರು. 1900ರಲ್ಲಿ ಇಂಥ ಮಕ್ಕಳ ಶಾಲೆಯೊಂದರ ಹೊಣೆ ಹೊತ್ತು, ಎರಡು ವರ್ಷ ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಜೊತೆ ಕಳೆದರು. ಇಟಾರ್ ಮತ್ತು ಸೆಗಾಂ ಬರೆದದ್ದನ್ನು ಹುಡುಕಿ ತರಿಸಿ, ಪ್ರತಿ ಪದವನ್ನೂ ತೂಗಿನೋಡುವ ಸಲುವಾಗಿ, ಕೈಯಾರೆ ಇಟಾಲಿಯನ್ನಿಗೆ ಅನುವಾದಿಸಿ ನಕಲು ಮಾಡಿಕೊಂಡರು. ನಮ್ಮಲ್ಲಿ ತಾಳೆಗರಿ ಪ್ರತಿಮಾಡುತ್ತಿದ್ದವರು ಕೂರುತ್ತಿದ್ದ ಹಾಗೆ.

ಅವರ ಶಾಲೆಯ ಕೆಲವು ಮಕ್ಕಳು ಓದುಬರಹ ಕಲಿತು ಸಾಮಾನ್ಯ ಶಾಲೆಯ ಮಕ್ಕಳ ಜೊತೆ ಪರೀಕ್ಷೆಗೆ ಕೂತು ಪಾಸಾದರು. ರೋಮ್ ಬೆರಗಾಯಿತು. ಮಾಂಟೆಸರಿಯವರನ್ನು ಕಾಡಿದ ಪ್ರಶ್ನೆಯೇ ಬೇರೆ. ಈ ಮಕ್ಕಳೇ ಇಷ್ಟು ಕಲಿತರೆಂದರೆ, ಬುದ್ಧಿ ಸರಿಯಾಗಿರುವ ಮಕ್ಕಳು ಇವರಷ್ಟೇ ಮಟ್ಟದಲ್ಲಿ ನಿಂತಿರುವುದು ಏಕೆ? ಅವರ ಶಾಲೆಗಳಲ್ಲಿ ಏನು ಕೆಟ್ಟಿದೆ? 1907ರ ಜನವರಿ 6ರಂದು ರೋಮಿನ ಬಡಜನರ ಸಾನ್ ಲೊರೆಂಜೊ ಬಡಾವಣೆಯಲ್ಲಿ ಅವರ ‘ಮಕ್ಕಳ ಮನೆ’ ತೆರೆಯಿತು. ಕೂಲಿ ಮಾಡುವವರ ಐವತ್ತರಷ್ಟು ಮಕ್ಕಳು. ಹಿಂದಿನ ಶಾಲೆಯಲ್ಲಿ ಬೆರಳಾಡಿಸಲು ಮರದ ಅಂದವಾದ ಅಕ್ಷರಗಳನ್ನು ಮಾಡಿಸಿದ್ದರು. ಇಲ್ಲಿ ಅಂಥದನ್ನು ಮಾಡಿಸಲಾಗಲಿಲ್ಲ. ಉಪ್ಪುಕಾಗದ ತಂದು ಅಕ್ಷರದ ಆಕಾರಕ್ಕೆ ಕತ್ತರಿಸಿ ಅಂಟಿಸಿದರು. ಆಮೇಲೆ ನೋಡಿದರೆ ಅದೇ ಮೇಲೆನಿಸಿತು. ಬೆರಳು ಜಾರಿದರೆ ಮಗುವಿಗೇ ತಿಳಿಯುತ್ತದೆ. ದುಡ್ಡಿಲ್ಲದ್ದರಿಂದ ಹುಟ್ಟಿದ ಅಕ್ಷರ ಅದು.

1939ರ ಕೊನೆಯಲ್ಲಿ ಮಾಂಟೆಸರಿ ಮದ್ರಾಸಿನ ಅಡಯಾರಿಗೆ ಬಂದರು. ಥಿಯಾಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿದೇವಿ ಕರೆಸಿಕೊಂಡಿದ್ದರು. ಆರೇಳು ತಿಂಗಳು ಕಳೆಯುವಷ್ಟರಲ್ಲಿ ಇಟಲಿ ಯುದ್ಧಕ್ಕಿಳಿಯಿತು, ಬ್ರಿಟಿಷರಿಗೆ ಅವರು ಶತ್ರುದೇಶದ ಪ್ರಜೆಯಾದರು. ಮಗ ಮಾರಿಯೋನನ್ನು ಬಂಧಿಸಿದರು; ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಬಿಟ್ಟರು. ಕೆಲವು ತಿಂಗಳಿಗೆಂದು ಬಂದವರು ಯುದ್ಧ ಮುಗಿಯುವವರೆಗೆ ಅಡಯಾರ್, ಕೊಡೈಕೆನಾಲ್ ಎಂದು ಇಲ್ಲೇ ಉಳಿದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ದಕ್ಷಿಣ ಭಾರತದಲ್ಲಿ ಈ ವಿಧಾನ ಬೇರೂರಿದ್ದು ಹಾಗೆ. ಮೈಸೂರು, ಬೆಂಗಳೂರು ಕಡೆ ಈಗ ‘ಮಗು ಮಾಂಟೆಸರಿಗೆ ಹೋಗ್ತಾ ಇದೆ’ ಎಂದರೆ ಸಾಕು; ಅದು ಒಬ್ಬ ವ್ಯಕ್ತಿಯ ಹೆಸರೆಂಬುದೇ ಎಷ್ಟೋ ಜನಕ್ಕೆ ತಿಳಿಯದು. ಆ ಹೆಸರಿನ ಹಿಂದೆ ಹುಚ್ಚಾಸ್ಪತ್ರೆಯ ಮಕ್ಕಳಿದ್ದರು, ಕಾಡಿನ ಹುಡುಗನಿದ್ದ ಎಂಬುದಂತೂ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಆ ಹೆಸರು ಹೊತ್ತ ಎಷ್ಟೋ ಶಾಲೆಗಳ ಬಾಗಿಲಲ್ಲಿ, ಮಾತು ತಡವಾದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ‘ಇಂಥ ಮಕ್ಕಳಿಗೆ ಇಲ್ಲಿ ಅನುಕೂಲ ಇಲ್ಲಮ್ಮ’ ಎಂಬ ಉತ್ತರ ಸಿಗುತ್ತದೆ. ಅಂಥ ಇಬ್ಬರು ತಾಯಂದಿರನ್ನು ನಾನೇ ಬಲ್ಲೆ.

ಇಷ್ಟಕ್ಕೂ ಬೆರಳಿನಿಂದ ಅಕ್ಷರ ಕಲಿಯುವುದು ನಮಗೆ ಹೊಸದಲ್ಲ. ನಮ್ಮ ಕೂಲಿಮಠಗಳಲ್ಲಿ ನೆಲದ ಮೇಲೆ ಮರಳು ಹರಡಿ ಮಕ್ಕಳಿಂದ ಅಕ್ಷರ ಬರೆಸುತ್ತಿದ್ದರು. ಇಂದೂ ಅಕ್ಷರಾಭ್ಯಾಸವೆಂದರೆ ಅಕ್ಕಿ ತುಂಬಿದ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವುದು. ಸ್ಲೇಟಿನ ಮೇಲೆ ಮೇಷ್ಟ್ರು ಬರೆದ ಅಕ್ಷರದ ಮೇಲೇ ಮಗು ಬಳಪ ಎಳೆಯುವುದಕ್ಕೆ ಕನ್ನಡದಲ್ಲಿ ‘ತಿದ್ದುವುದು’ ಎನ್ನುತ್ತೇವೆ. ತಪ್ಪನ್ನು ಸರಿಪಡಿಸುವುದಕ್ಕೂ ಅದೇ ಪದ. ಮೇಲೆ ಮೇಲೆ ಎಳೆಯುತ್ತಾ ಹೋದರೆ ತಪ್ಪು ತಾನಾಗಿ ಸರಿಹೋಗುತ್ತದೆ ಎಂಬುದನ್ನು ನಮ್ಮ ಭಾಷೆ ಹಿಂದೆಯೇ ಕಂಡುಕೊಂಡಿತ್ತೋ ಏನೋ. ಆದರೆ ಆ ಮರಳು ಎಲ್ಲರ ಬೆರಳಿಗೂ ಸಿಗುತ್ತಿರಲಿಲ್ಲ. ಕೆಲವರನ್ನು ಜಾತಿ ಹೊರಗಿಟ್ಟಿತು, ಕೆಲವರನ್ನು ‘ಹೆಡ್ಡ’ ಎಂಬ ಮಾತು ಹೊರಗಿಟ್ಟಿತು. ಎಮ್ಮೆ ಮೇಯಿಸಲು ಕಳಿಸಿದರೆ ಮುಗಿಯಿತು.

ಕನ್ನಡ ಲಿಪಿಗೆ ಅದರದೇ ಆದ ತೊಡಕುಗಳೂ ಇವೆ. ದ, ಧ, ಥ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಡುವೆ ಇರುವುದು ಒಂದು ಸೀಳು, ಒಂದು ಚುಕ್ಕೆ. ರ ಮತ್ತು ಠ ನಡುವೆ ಬರಿಯ ಚುಕ್ಕೆ. ಕಣ್ಣಿನಿಂದ ಇವನ್ನು ಬೇರ್ಪಡಿಸಲಾಗದ ಮಗು ಬೆರಳಿನಿಂದ ಬೇರ್ಪಡಿಸಬಲ್ಲದು. ಆದ್ದರಿಂದ ವಿಶೇಷ ಶಿಕ್ಷಕರು ಚುಕ್ಕೆಯ ಜಾಗದಲ್ಲಿ ಒಂದು ಕಡಲೆಕಾಳು ಅಂಟಿಸುವುದುಂಟು. ಮತ್ತು ಹೋಲುವ ಎರಡು ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಹೋಗುವುದಿಲ್ಲ. ಮೊದಲನೆಯದು ಬೆರಳಿಗೆ ಕೂರುವವರೆಗೆ ಎರಡನೆಯದನ್ನು ಬಚ್ಚಿಡುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯೂ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಹೊರಟಿತು. ಸುಲಭದ್ದು ಮೊದಲು ಎಂಬ ಸೆಗಾಂನ ತರ್ಕ ಅಲ್ಲೂ ಕಾಣುತ್ತದೆ.

ವಿಶೇಷ ಮಕ್ಕಳ ಶಾಲೆ ನಮ್ಮಲ್ಲಿ ಇರಲೇ ಇಲ್ಲ ಎಂದಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಶುರುವಾಯಿತು. 1951ರಲ್ಲಿ ಭಾರತಿ ಬ್ರೈಲ್ ಬಂದು, ಕನ್ನಡವೂ ಸೇರಿ ನಮ್ಮ ಭಾಷೆಗಳ ಚುಕ್ಕೆ ಲಿಪಿಗಳು ಒಂದು ಕ್ರಮಕ್ಕೆ ಬಂದವು. 1965ರಲ್ಲಿ ಮೈಸೂರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ಕಣ್ಣು ಕಿವಿಗಳ ವಿಷಯದಲ್ಲಿ ನಾವು ತೀರ ಹಿಂದಿರಲಿಲ್ಲ. ಬುದ್ಧಿಯ ವಿಷಯಕ್ಕೆ ಬಂದಾಗ ಮಾತ್ರ ಬಹುಕಾಲ ಪಿನೆಲ್‌ನ ಮಾತೇ ನಡೆಯಿತು. ಅದಕ್ಕೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದ್‌ನಲ್ಲಿ ಆದದ್ದು 1984ರಲ್ಲಿ. 1992ರ ಪುನರ್ವಸತಿ ಪರಿಷತ್ ಕಾಯ್ದೆ ವಿಶೇಷ ಶಿಕ್ಷಕರ ತರಬೇತಿಗೆ ಒಂದು ಅಳತೆಗೋಲು ಕೊಟ್ಟಿತು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿತ್ತು. 2016ರದ್ದು ಇಪ್ಪತ್ತೊಂದನ್ನು ಹೆಸರಿಸಿ, ಈ ಮಕ್ಕಳು ಉಳಿದವರ ಜೊತೆಯಲ್ಲೇ ಕಲಿಯುವಂತಾಗಬೇಕು ಎಂದು ವಿಧಿಸಿತು.

ಕಾಗದದ ಮೇಲೆ ಇದು ದೊಡ್ಡ ಮಾತು. ನೆಲದ ಮೇಲೆ ಅದು ಬಹುತೇಕ ಒಬ್ಬ ಸಂಪನ್ಮೂಲ ಶಿಕ್ಷಕರ ಓಡಾಟ. ತಾಲ್ಲೂಕಿನ ಹತ್ತಾರು ಶಾಲೆಗಳು, ಶಾಲೆಗೆ ಬರಲಾಗದ ಮಕ್ಕಳ ಮನೆಗಳು, ಬಸ್ಸಿಲ್ಲದ ಊರುಗಳು. ಅಂಥ ಒಬ್ಬರು ಮನೆಮನೆಗೆ ಒಯ್ಯುವ ಚೀಲವನ್ನು ನಾನು ಬಿಚ್ಚಿ ನೋಡಿದ್ದೇನೆ. ಹಳೆಯ ಅಂಗಿಯ ಗುಂಡಿಪಟ್ಟಿಯನ್ನು ಕತ್ತರಿಸಿ ರಟ್ಟಿಗೆ ಹೊಲಿದದ್ದು, ಶೂ ಲೇಸು, ಬೆಂಕಿಪೊಟ್ಟಣದೊಳಗೆ ರಾಗಿ ಮತ್ತು ಕಡಲೆ ತುಂಬಿ ಮಾಡಿದ ಎರಡು ಗಿಲಕಿಗಳು, ಚಿತ್ರದ ಕಾರ್ಡುಗಳು, ಉಪ್ಪುಕಾಗದದ ಅಕ್ಷರಗಳು. ಇಟಾರ್, ಸೆಗಾಂ ಬಂದು ನೋಡಿದರೆ ಪ್ರತಿಯೊಂದನ್ನೂ ಗುರುತಿಸುತ್ತಿದ್ದರು. ಆ ಶಿಕ್ಷಕರಿಗೆ ಅವರಿಬ್ಬರ ಹೆಸರು ಗೊತ್ತಿರಲಿಲ್ಲ.

ಮೊದಲು ಹೇಳಿದ ಶಾಲೆಯ ಟೀಚರಿಗೂ ಗೊತ್ತಿರಲಿಲ್ಲ. ‘ಅ’ ತಿದ್ದುತ್ತಿದ್ದ ಹುಡುಗನಿಗೆ ಅಂಗಿಯ ಗುಂಡಿ ಹಾಕಲು ಅವರು ಹೇಗೆ ಕಲಿಸಿದರೆಂದು ಅಂದು ತೋರಿಸಿದರು. ಅವನ ಅಂಗಿಗೆ ಆರು ಗುಂಡಿ. ಐದನ್ನು ತಾವೇ ಹಾಕಿ, ಆರನೆಯದನ್ನೂ ಅರ್ಧ ತೂರಿಸಿ, ಉಳಿದರ್ಧ ಎಳೆಯುವುದನ್ನು ಮಾತ್ರ ಅವನಿಗೆ ಬಿಡುತ್ತಿದ್ದರು. ಅಂದರೆ ಕೆಲಸ ಮುಗಿಸಿದವನು ಪ್ರತಿದಿನವೂ ಅವನೇ. ಅದು ಕೈಗೆ ಬಂದ ಮೇಲೆ ಆರನೆಯ ಗುಂಡಿ ಪೂರ್ತಿ ಅವನದು, ಆಮೇಲೆ ಐದನೆಯದೂ. ಹೀಗೆ ಕೊನೆಯಿಂದ ಮೊದಲಿಗೆ. ಆರನೆಯ ಗುಂಡಿ ದಸರಾ ರಜೆಗೆ ಮೊದಲು ಆಯಿತಂತೆ, ಐದನೆಯದು ಸಂಕ್ರಾಂತಿಗೆ. ನಾನು ಹೋದಾಗ ಜೂನ್ ತಿಂಗಳು. ಕತ್ತಿನ ಹತ್ತಿರದ ಗುಂಡಿ ಒಂದನ್ನು ಬಿಟ್ಟು ಎಲ್ಲವನ್ನೂ ಅವನೇ ಹಾಕಿಕೊಂಡಿದ್ದ. ಅದು ಕಣ್ಣಿಗೆ ಕಾಣುವುದಿಲ್ಲವಲ್ಲ ಸಾರ್, ಅದಕ್ಕೆ ಕನ್ನಡಿ ತರಬೇಕು ಎಂದರು ಟೀಚರು.